ತಾರೀಖು ಬೇಡ, ಚಾಸಿ ನಂಬರ್ ಹೇಳ್ರಿ: ಕಲಬುರಗಿಯಲ್ಲಿ ಹೊಸ ಕಾರು ಬುಕಿಂಗ್‌ನಿಂದ ಡೆಲಿವರಿವರೆಗೆ

ಕಲಬುರಗಿಯ ಕಾರ್ ಶೋರೂಮ್‌ಗಳಲ್ಲಿ ಬುಕಿಂಗ್ ಮಾಡಿಸಿಕೊಳ್ಳುವ ಸೇವೆಗೆ ಹೆಸರಿಡುವಂತಿಲ್ಲ. ಸೇಡಂ ರಸ್ತೆಯಿರಲಿ, ಹುಮನಾಬಾದ್ ರಸ್ತೆಯಿರಲಿ, ಒಳಗೆ ಕಾಲಿಟ್ಟರೆ ತಣ್ಣೀರು, ಚಹಾ, ಬ್ರೋಷರ್. ಬೇಕೆಂದರೆ ಟೆಸ್ಟ್ ಡ್ರೈವ್ ಗಾಡಿ ಮನೆ ಬಾಗಿಲಿಗೆ. ಹಣ ಕಟ್ಟಿ ರಸೀದಿ ಕೈಗೆ ಬಂದ ಮರುದಿನದಿಂದ ಮಾತು ಬೇರೆ. ಫೋನ್ ಮಾಡಿದವರಿಗೆಲ್ಲ ಒಂದೇ ಉತ್ತರ: "ಮುಂದಿನ ವಾರ ಬಂದ್ಬಿಡ್ತದ್ರಿ ಸರ." ಆ ಮುಂದಿನ ವಾರ ಆಷಾಢ ದಾಟಿ, ಶ್ರಾವಣ ದಾಟಿ, ದಸರಾಕ್ಕೆ ಬಂದು ನಿಲ್ಲುವುದೂ ಉಂಟು. ಈ ನಡುವಿನ ಅವಧಿಯಲ್ಲಿ ಶೋರೂಮ್‌ನವರು ಕೊಡುವ ಸೇವೆ ಹೇಗಿದೆ, ಗಿರಾಕಿ ತನ್ನ ಗಾಡಿ ಎಲ್ಲಿದೆ ಎಂದು ತಾನೇ ಹೇಗೆ ಪತ್ತೆ ಹಚ್ಚಬಹುದು ಎಂಬುದಷ್ಟೇ ಇಲ್ಲಿನ ವಿಷಯ. ಯಾವ ಶೋರೂಮ್ ಒಳ್ಳೆಯದು, ಯಾವುದು ಕೆಟ್ಟದ್ದು ಎಂದು ಹೇಳುವುದಿಲ್ಲ. ಒಂದೇ ಶೋರೂಮ್‌ನಲ್ಲಿ ಒಬ್ಬ ಸೇಲ್ಸ್‌ನವನು ದಿನಾ ಮೆಸೇಜ್ ಹಾಕುತ್ತಾನೆ, ಪಕ್ಕದ ಮೇಜಿನವನು ಫೋನೇ ಎತ್ತುವುದಿಲ್ಲ.

ಮೊದಲು ಒಂದು ತಪ್ಪು ತಿಳಿವಳಿಕೆ ಬಿಡಬೇಕು. ಮಾರುತಿ, ಹ್ಯುಂಡೈ, ಟಾಟಾ, ಮಹೀಂದ್ರಾ, ಕಿಯಾ, ಟೊಯೊಟಾದಂಥ ಕಂಪನಿಗಳ ಸಾಮಾನ್ಯ ಕಾರುಗಳಲ್ಲಿ "ನಿಮ್ಮ ಹೆಸರಿನ ಗಾಡಿ" ಎಂದು ಫ್ಯಾಕ್ಟರಿಯಲ್ಲಿ ಯಾವುದೂ ತಯಾರಾಗುವುದಿಲ್ಲ. ನಿಮ್ಮ ಬುಕಿಂಗ್ ಡೀಲರ್‌ನ ಸಾಫ್ಟ್‌ವೇರ್‌ನಲ್ಲಿ ಒಂದು ಸಾಲಾಗಿ ಕೂತಿರುತ್ತದೆ. ಇಡೀ ದೇಶದ ಬೇಡಿಕೆ ನೋಡಿ ಕಂಪನಿ ಯಾವ ವೇರಿಯಂಟ್, ಯಾವ ಬಣ್ಣ ಎಷ್ಟು ಎಂದು ತಿಂಗಳ ಲೆಕ್ಕ ಹಾಕುತ್ತದೆ. ಅದರಲ್ಲಿ ಡೀಲರ್‌ಗೆ ಅವನ ಮಾರಾಟಕ್ಕೆ ತಕ್ಕ ಪಾಲು ಬರುತ್ತದೆ. ಹಾಗೆ ಬಂದ ಗಾಡಿಗಳಲ್ಲಿ ಒಂದನ್ನು ನಿಮ್ಮ ಬುಕಿಂಗ್‌ಗೆ ಕಟ್ಟುವುದೇ ಅಲಾಟ್‌ಮೆಂಟ್. ಬೆಂಗಳೂರು, ಹೈದರಾಬಾದಿನ ದೊಡ್ಡ ಡೀಲರ್‌ಗೆ ಸಿಗುವ ಪಾಲು ಕಲಬುರಗಿಯವರಿಗೆ ಸಿಗುವುದಿಲ್ಲ. ಹಾಗಾಗಿ ಎಲ್ಲರೂ ಕೇಳುವ ಬಿಳಿ ಬಣ್ಣದ ನಡುವಿನ ವೇರಿಯಂಟ್ ಇಲ್ಲಿಗೂ ಬೇಗ ಬರುತ್ತದೆ. ಅಪರೂಪದ ಬಣ್ಣದ ಡೀಸೆಲ್ ಆಟೋಮ್ಯಾಟಿಕ್ ಬರಲು ಕಾಯಬೇಕು.

ವೇರಿಯಂಟ್ ಎಷ್ಟು ಮುಖ್ಯ ಎನ್ನುವುದಕ್ಕೆ ಮಹೀಂದ್ರಾದ ಸ್ಕಾರ್ಪಿಯೊ-ಎನ್ ಒಳ್ಳೆಯ ಉದಾಹರಣೆ. 2022ರ ಜುಲೈ 30ರಂದು ಬುಕಿಂಗ್ ತೆರೆದ ಅರ್ಧ ಗಂಟೆಯಲ್ಲಿ 1 ಲಕ್ಷ ಬುಕಿಂಗ್ ಆಯಿತು. ಡೆಲಿವರಿ ಶುರುವಾದದ್ದು ಸೆಪ್ಟೆಂಬರ್ 26ಕ್ಕೆ, ಅದೂ ಮೊದಲ ಆದ್ಯತೆ ಎಲ್ಲಕ್ಕಿಂತ ಮೇಲಿನ ಝಡ್8ಎಲ್ ವೇರಿಯಂಟ್‌ಗೆ ಎಂದು ಕಂಪನಿಯೇ ಹೇಳಿತ್ತು. ಅದೇ ನಿಮಿಷದಲ್ಲಿ ಕೆಳಗಿನ ವೇರಿಯಂಟ್ ಬುಕ್ ಮಾಡಿದವರ ಸರದಿ ಹಿಂದೆ ಬಿತ್ತು. ಬುಕಿಂಗ್ ನಂಬರ್ ಮುಂದಿದ್ದ ಮಾತ್ರಕ್ಕೆ ಗಾಡಿ ಮುಂಚೆ ಬರುತ್ತದೆ ಎನ್ನುವಂತಿಲ್ಲ. ವೇಟಿಂಗ್ ಎಷ್ಟು ಎಂದು ಕೇಳುವುದಾದರೆ "ಈ ವೇರಿಯಂಟ್, ಈ ಬಣ್ಣಕ್ಕೆ ನನ್ನ ಮುಂದೆ ಎಷ್ಟು ಜನ ಇದ್ದಾರ, ಹೋದ ತಿಂಗಳು ಇಂಥವು ಎಷ್ಟು ಬಂದಾವ" ಎಂದು ಕೇಳಬೇಕು. ಎರಡು ಅಂಕಿ ಸಿಕ್ಕರೆ ಭಾಗಾಕಾರ ನೀವೇ ಮಾಡಬಹುದು. ಈ ಪ್ರಶ್ನೆಗೆ ಕಂಪ್ಯೂಟರ್ ನೋಡಿ ಉತ್ತರ ಹೇಳುವ ಶೋರೂಮ್ ನಂಬಿಕೆಗೆ ಯೋಗ್ಯ. ಗೋಡೆ ನೋಡಿ ಹೇಳಿದರೆ ಇನ್ನೊಂದು ಶೋರೂಮ್‌ನಲ್ಲೂ ವಿಚಾರಿಸಿ.

ಬುಕಿಂಗ್ ದಿನ ಆಗಬೇಕಾದ್ದು

ಹಣ ಕಾರ್ಡ್, ಯುಪಿಐ ಅಥವಾ ಚೆಕ್ ಮೂಲಕ, ಶೋರೂಮ್ ಕಂಪನಿಯ ಹೆಸರಿನ ಖಾತೆಗೇ ಹೋಗಲಿ. ಸೇಲ್ಸ್‌ನವನ ಸ್ವಂತ ನಂಬರ್‌ಗೆ ಫೋನ್‌ಪೇ ಮಾಡುವುದು, ಕೈಬರಹದ ಕಚ್ಚಾ ಚೀಟಿ ಇಸಿದುಕೊಳ್ಳುವುದು ಎರಡೂ ಬೇಡ. ರಸೀದಿ ಸಿಸ್ಟಮ್‌ನಿಂದ ಪ್ರಿಂಟ್ ಆಗಿ ಬರಬೇಕು, ಅದರ ಮೇಲೆ ಆರ್ಡರ್ ನಂಬರ್ ಇರಬೇಕು. ಕಂಪನಿಯಿಂದ ನಿಮ್ಮ ಮೊಬೈಲಿಗೆ ಎಸ್‌ಎಂಎಸ್ ಬಂದರೆ ಬುಕಿಂಗ್ ನಿಜವಾಗಿಯೂ ಸಿಸ್ಟಮ್‌ಗೆ ಏರಿದೆ ಎಂದರ್ಥ. ಎರಡು ದಿನವಾದರೂ ಬರದಿದ್ದರೆ ಮೊಬೈಲ್ ನಂಬರ್ ತಪ್ಪು ಹೊಡೆದಿದ್ದಾರೆ, ಇಲ್ಲವೇ ತಿಂಗಳ ಲೆಕ್ಕಕ್ಕಾಗಿ ಬುಕಿಂಗ್ ತಡೆದು ಇಟ್ಟುಕೊಂಡಿದ್ದಾರೆ. ಆನ್‌ಲೈನ್ ಟ್ರ್ಯಾಕಿಂಗ್ ಇರುವ ಕಂಪನಿಗಳ ಆ್ಯಪ್‌ನಲ್ಲೂ ಈ ಆರ್ಡರ್ ನಂಬರೇ ಕೀಲಿಕೈ. ಆದರೆ ಆ್ಯಪ್ ಮೇಲೆ ಹೆಚ್ಚು ಆಸೆ ಬೇಡ. "ಆರ್ಡರ್ ಸ್ವೀಕರಿಸಲಾಗಿದೆ" ಎಂಬ ಹಸಿರು ಗುರುತು ಮೊದಲ ದಿನವೇ ಬರುತ್ತದೆ, ಮುಂದಿನ ಗುರುತು ಗಾಡಿ ಯಾರ್ಡ್‌ಗೆ ಬಂದ ಮೇಲೆ ಒಮ್ಮೆಲೇ ಹತ್ತುತ್ತದೆ. ನಡುವೆ ಡೀಲರ್ ಕೈಯಾರೆ ಅಪ್‌ಡೇಟ್ ಮಾಡಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಬುಕಿಂಗ್ ಫಾರ್ಮ್‌ನಲ್ಲಿ ವೇರಿಯಂಟ್‌ನ ಪೂರ್ತಿ ಹೆಸರು, ಇಂಧನ, ಗೇರ್, ಬಣ್ಣ, ಒಳಗಿನ ಸೀಟ್ ಬಣ್ಣ, ಆರು ಸೀಟೋ ಏಳೋ, ಎಲ್ಲ ಬರೆಸಿ. ಎಕ್ಸ್‌ಚೇಂಜ್ ಬೋನಸ್, ಡಿಸ್ಕೌಂಟ್, ಕೊಡುತ್ತೇವೆ ಎಂದ ಆಕ್ಸೆಸರಿ, ಕ್ಯಾನ್ಸಲ್ ಮಾಡಿದರೆ ಎಷ್ಟು ಕಡಿತ ಎಂಬುದೂ ಅದೇ ಕಾಗದದ ಮೇಲಿರಲಿ. ಬಾಯಿಮಾತಿನ ಡಿಸ್ಕೌಂಟ್ ಮೂರು ತಿಂಗಳ ಮೇಲೆ ಯಾರಿಗೂ ನೆನಪಿರುವುದಿಲ್ಲ. ಅಷ್ಟರೊಳಗೆ ಆ ಸೇಲ್ಸ್‌ನವನೇ ಎದುರಿನ ಶೋರೂಮ್ ಸೇರಿರುತ್ತಾನೆ.

ಬೆಲೆಯ ವಿಷಯ: ನೀವು ಬುಕ್ ಮಾಡಿದ ದಿನದ ಬೆಲೆ ನಿಮ್ಮದಲ್ಲ, ಬಿಲ್ ಆಗುವ ದಿನದ್ದು ನಿಮ್ಮದು. ಜನವರಿ, ಏಪ್ರಿಲ್‌ನಲ್ಲಿ ಬೆಲೆ ಏರಿಸುವುದು ಕಂಪನಿಗಳ ರೂಢಿ. ಇದು ಗಿರಾಕಿಯ ಲಾಭಕ್ಕೂ ಆಗುತ್ತದೆ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ 18%ಕ್ಕೆ ಇಳಿದಾಗ, ಮೊದಲೇ ಬುಕ್ ಮಾಡಿ ಬಿಲ್ ಆಗದೆ ಉಳಿದವರಿಗೂ ಹೊಸ ದರವೇ ಅನ್ವಯಿಸಿತು. ಸಣ್ಣ ಕಾರು ಎಂದರೆ 4 ಮೀಟರ್ ಒಳಗಿನ ಉದ್ದ, ಪೆಟ್ರೋಲ್ ಆದರೆ 1,200 ಸಿಸಿ, ಡೀಸೆಲ್ ಆದರೆ 1,500 ಸಿಸಿವರೆಗೆ. ಅದಕ್ಕಿಂತ ದೊಡ್ಡವಕ್ಕೆ 40%, ಎಲೆಕ್ಟ್ರಿಕ್‌ಗೆ 5%.

ಹದಿನೇಳು ಅಕ್ಷರ

ಬುಕಿಂಗ್ ಆದ ಮೇಲೆ ಕೇಳುವ ಪ್ರಶ್ನೆ "ಗಾಡಿ ಯಾವಾಗ ಬರ್ತದ" ಎಂಬುದಲ್ಲ. "ಚಾಸಿ ನಂಬರ್ ಏನದ ಹೇಳ್ರಿ" ಎಂಬುದು. ಪ್ರತಿ ಗಾಡಿಯ ಮೇಲೆ ಕೊರೆದಿರುವ, ಅದೊಂದಕ್ಕೇ ಸೇರಿದ ಗುರುತಿನ ಸಂಖ್ಯೆಯೇ ಚಾಸಿ ನಂಬರ್. ಅದಿಲ್ಲದೆ ಹೇಳಿದ ಯಾವ ತಾರೀಖೂ ಅಂದಾಜಷ್ಟೇ. ನಂಬರ್ ಕೊಟ್ಟರು ಎಂದರೆ ಗಾಡಿ ತಯಾರಾಗಿದೆ, ಕಂಪನಿ ಡೀಲರ್‌ಗೆ ಬಿಲ್ ಹಾಕಿದೆ, ಇನ್ನು ದಾರಿಯದ್ದಷ್ಟೇ ಲೆಕ್ಕ.

ಆ ನಂಬರ್‌ನಲ್ಲಿ 17 ಅಕ್ಷರ ಮತ್ತು ಅಂಕಿ ಇರುತ್ತವೆ. ಒಂದು, ಸೊನ್ನೆ ಜತೆ ಗೊಂದಲವಾಗಬಾರದು ಎಂದು ಇಂಗ್ಲಿಷಿನ ಐ, ಓ, ಕ್ಯೂ ಅಕ್ಷರಗಳನ್ನು ಅದರಲ್ಲಿ ಬಳಸುವುದಿಲ್ಲ. ಮೊದಲ ಮೂರು ತಯಾರಕರ ಗುರುತು: ಹ್ಯುಂಡೈಗೆ ಎಂಎಎಲ್, ಟಾಟಾಗೆ ಎಂಎಟಿ, ಮಹೀಂದ್ರಾಗೆ ಎಂಎ1, ಕಿಯಾಗೆ ಎಂಝಡ್‌ಬಿ. ಹತ್ತನೆಯ ಅಕ್ಷರ ಸಾಮಾನ್ಯವಾಗಿ ವರ್ಷ ಹೇಳುತ್ತದೆ: ಪಿ ಎಂದರೆ 2023, ಆರ್ ಎಂದರೆ 2024, ಎಸ್ ಎಂದರೆ 2025, ಟಿ ಎಂದರೆ 2026. ತಿಂಗಳ ಗುರುತು ಒಂದೊಂದು ಕಂಪನಿಯದು ಒಂದೊಂದು ಬಗೆ, ಆದ್ದರಿಂದ ತಿಂಗಳಿಗೆ ಗಾಡಿ ಜತೆ ಕಂಪನಿ ಕೊಡುವ ಪ್ರಮಾಣಪತ್ರ ಫಾರ್ಮ್ 22 ನೋಡುವುದು ಸರಿ. ಜನವರಿ, ಫೆಬ್ರವರಿಯಲ್ಲಿ ಡೆಲಿವರಿ ತೆಗೆದುಕೊಳ್ಳುವವರಿಗೆ ಈ ಹತ್ತನೆಯ ಅಕ್ಷರ ಬಲು ಮುಖ್ಯ. ಹೋದ ವರ್ಷದ ಗಾಡಿ ಕೊಡುವುದು ತಪ್ಪಲ್ಲ, ಆದರೆ ಹೊಸ ವರ್ಷದ ಬೆಲೆಗೆ ಕೊಡುವುದು ತಪ್ಪು. ಮುಂದೆ ಮಾರುವಾಗ ಆರ್‌ಸಿಯಲ್ಲಿ ತಯಾರಿಯ ತಿಂಗಳು, ವರ್ಷ ಎರಡೂ ಕಾಣುತ್ತವೆ, ಕೊಳ್ಳುವವನು ಅದನ್ನೇ ಹಿಡಿದು ರೇಟ್ ಇಳಿಸುತ್ತಾನೆ.

ನಂಬರ್ ಬಾಯಲ್ಲಿ ಹೇಳಿದರೆ ಸಾಲದು. ನಿಮ್ಮ ಹೆಸರು, ಆರ್ಡರ್ ನಂಬರ್ ಜತೆಗೆ ಆ ಚಾಸಿ ಇರುವ ಪ್ರೊಫಾರ್ಮಾ ಇನ್‌ವಾಯ್ಸ್ ಅಥವಾ ಸಿಸ್ಟಮ್‌ನ ಪುಟ ಬೇಕು. ಏಕೆಂದರೆ ಅಲಾಟ್ ಆದ ಗಾಡಿ ಕೈ ತಪ್ಪುವುದೂ ಇದೇ ಹಂತದಲ್ಲಿ. ಹಿಂದೆ ಬುಕ್ ಮಾಡಿದವನು ಶೋರೂಮ್‌ನವರ ಲೋನ್, ಶೋರೂಮ್‌ನವರ ಇನ್ಶೂರೆನ್ಸ್, ಅರವತ್ತು ಸಾವಿರದ ಆಕ್ಸೆಸರಿ ಎಲ್ಲಕ್ಕೂ ಹೂಂ ಅಂದಿರುತ್ತಾನೆ. ನೀವು ಬರೀ ಗಾಡಿ ಕೇಳಿರುತ್ತೀರಿ. "ಸರ, ನಿಮ್ಮ ಕಲರ್ ಬರ್ಲಿಲ್ರಿ, ಬಿಳೀದು ಅದ, ಈಗಲೇ ಒಯ್ರಿ" ಎಂಬ ಫೋನ್ ಬರುವುದು ಆಗ. ಚಾಸಿ ನಂಬರ್ ಬರಹದಲ್ಲಿ ಇದ್ದವರಿಗೆ ಹೀಗೆ ಹೇಳುವುದು ಶೋರೂಮ್‌ಗೆ ಕಷ್ಟ.

ಅಂದಹಾಗೆ, ತಿಂಗಳ ಒಂದನೇ ತಾರೀಖು ಪೇಪರಿನಲ್ಲಿ "ಇಂಥ ಕಂಪನಿ ಇಷ್ಟು ಕಾರು ಮಾರಿತು" ಎಂದು ಬರುತ್ತದಲ್ಲ, ಅದು ಹೆಚ್ಚಿನ ಮಟ್ಟಿಗೆ ಡೀಲರ್‌ಗಳಿಗೆ ಕಳಿಸಿದ ಲೆಕ್ಕ. ನಿಮ್ಮ ಗಾಡಿ ಸೊಲ್ಲಾಪುರದ ಆಚೆ ಟ್ರೇಲರ್ ಮೇಲೆ ನಿಂತಿರುವಾಗಲೇ ಕಂಪನಿಯ ಪುಸ್ತಕದಲ್ಲಿ ಮಾರಾಟವಾಗಿ ಹೋಗಿರುತ್ತದೆ. ಈ ಲೆಕ್ಕ ತೋರಿಸಲು ತಿಂಗಳ ಕೊನೆಯಲ್ಲಿ ಬಿಲ್ಲಿಂಗ್ ಜೋರಾಗುವುದರಿಂದ, ಮರು ತಿಂಗಳ ಮೊದಲ ಹತ್ತು ದಿನ ಯಾರ್ಡ್‌ಗೆ ಗಾಡಿ ಹೆಚ್ಚು ಬರುತ್ತವೆ. ವಿಚಾರಿಸುವುದಿದ್ದರೆ ತಿಂಗಳ ಒಂದನೇ, ಎರಡನೇ ತಾರೀಖಿಗೆ ಹೋಗಿ ಹೊಸದಾಗಿ ಬಿಲ್ ಆದ ಪಟ್ಟಿ ತೋರಿಸಿ ಎನ್ನಿ.

ದಾರಿ

ಗಾಡಿ ಎಲ್ಲಿಂದ ಬರುತ್ತದೆ ಎಂಬುದರ ಮೇಲೆ ದಿನ ನಿಂತಿದೆ. ಚಾಕಣ, ಪಿಂಪ್ರಿ ಕಡೆಯ ಮಹೀಂದ್ರಾ, ಟಾಟಾ, ಸ್ಕೋಡಾ ಗಾಡಿಗಳಿಗೆ ಪುಣೆಯಿಂದ ಸೊಲ್ಲಾಪುರ ಮೂಲಕ ಸುಮಾರು 400 ಕಿಲೋಮೀಟರ್. ಕಿಯಾ ಪೆನುಕೊಂಡದಿಂದ, ಟೊಯೊಟಾ ಬಿಡದಿಯಿಂದ, ಹ್ಯುಂಡೈ ಶ್ರೀಪೆರಂಬದೂರಿನಿಂದ ಮತ್ತು ಈಚೆಗೆ ಪುಣೆ ಹತ್ತಿರದ ತಳೇಗಾಂವದಿಂದ. ಮಾರುತಿಯವು ಹರಿಯಾಣ ಅಥವಾ ಗುಜರಾತಿನ ಹನ್ಸಲ್‌ಪುರದಿಂದ. ಬೀದರಿನಿಂದ ಕೂಗಳತೆಯಲ್ಲಿರುವ ಜಹೀರಾಬಾದ್‌ನಲ್ಲಿ ಮಹೀಂದ್ರಾ ಫ್ಯಾಕ್ಟರಿ ಇದೆಯಲ್ಲ, ಅಲ್ಲಿಂದಲೇ ಬರಬಹುದು ಎಂದು ಕಾಯುವವರಿದ್ದಾರೆ. ಅಲ್ಲಿ ಟ್ರ್ಯಾಕ್ಟರ್ ತಯಾರಾಗುತ್ತದೆ. ಸ್ಕಾರ್ಪಿಯೊ ಬರುವುದು ಮಹಾರಾಷ್ಟ್ರದಿಂದ.

ಮಾರುತಿ ಗಾಡಿಗಳು ಅರ್ಧ ದಾರಿ ರೈಲಿನಲ್ಲೂ ಬರುತ್ತವೆ. ಹನ್ಸಲ್‌ಪುರದ ಫ್ಯಾಕ್ಟರಿಯೊಳಗೇ 2024ರಲ್ಲಿ, ಮಾನೇಸರದಲ್ಲಿ 2025ರ ಜೂನ್‌ನಲ್ಲಿ ರೈಲು ಹಳಿ ಬಂದಿದೆ. ಹೈದರಾಬಾದ್, ಪುಣೆ, ಬೆಂಗಳೂರಿನಂಥ ಕಡೆ ಇಳಿದು ಅಲ್ಲಿಂದ ಟ್ರೇಲರ್ ಏರುತ್ತವೆ. ರೈಲಿನ ರೇಕ್ ತುಂಬುವವರೆಗೆ ಕಾಯುವುದು ಒಂದು, ಇಳಿದ ಮೇಲೆ ನಮ್ಮ ಕಡೆಗೆ ಟ್ರೇಲರ್ ತುಂಬುವವರೆಗೆ ಕಾಯುವುದು ಇನ್ನೊಂದು. ಟ್ರೇಲರ್‌ನ ವಿಷಯ ಸೇಲ್ಸ್‌ನವರು ಬಿಡಿಸಿ ಹೇಳುವುದೇ ಇಲ್ಲ. ಒಂದು ಟ್ರೇಲರ್‌ಗೆ ಆರರಿಂದ ಎಂಟು ಗಾಡಿ ಹಿಡಿಯುತ್ತವೆ. ಕಲಬುರಗಿಗೆ ಎರಡೇ ಗಾಡಿ ಇದ್ದರೆ, ಬೀದರ್, ವಿಜಯಪುರ, ರಾಯಚೂರಿನವು ಸೇರಿ ಲೋಡ್ ಪೂರ್ತಿಯಾಗುವವರೆಗೆ ಅವು ಹೊರಡುವುದಿಲ್ಲ. ಪುಣೆಯಿಂದ ಒಂದೇ ದಿನದ ದಾರಿಯಾದರೂ ವಾರ ಹಿಡಿಯುವುದು ಇದಕ್ಕೇ.

"ಟ್ರಾನ್ಸಿಟ್‌ನಾಗ ಅದ ರೀ" ಎಂದಾಗ ಇ-ವೇ ಬಿಲ್ ಯಾವ ತಾರೀಖಿನದು ಎಂದು ಕೇಳಿ. 50,000 ರೂಪಾಯಿ ಮೀರಿದ ಸರಕಿಗೆ ಇ-ವೇ ಬಿಲ್ ಇಲ್ಲದೆ ಟ್ರೇಲರ್ ಕದಲುವಂತಿಲ್ಲ. ಅದರ ಅವಧಿ 200 ಕಿಲೋಮೀಟರಿಗೆ ಒಂದು ದಿನದ ಲೆಕ್ಕ: ಪುಣೆಯಿಂದಾದರೆ ಎರಡು ದಿನದ ಆಸುಪಾಸು, ಹರಿಯಾಣದಿಂದ ರಸ್ತೆಯಲ್ಲೇ ಬಂದರೆ ಎಂಟು ಒಂಬತ್ತು ದಿನ. ಬಿಲ್ ಆಗಿದೆ ಆದರೆ ಇ-ವೇ ಬಿಲ್ ಆಗಿಲ್ಲ ಎಂದರೆ ಗಾಡಿ ಇನ್ನೂ ಫ್ಯಾಕ್ಟರಿಯ ಯಾರ್ಡ್‌ನಲ್ಲೇ ಬಿಸಿಲು ಕಾಯುತ್ತಿದೆ. ಈ ಒಂದು ಪ್ರಶ್ನೆಗೆ ಮ್ಯಾನೇಜರ್ ಮುಖಭಾವವೇ ಬದಲಾಗುತ್ತದೆ, ಕೇಳಿ ನೋಡಿ.

ಲೋನ್ ತೆಗೆದುಕೊಳ್ಳುವವರು ಇಲ್ಲೇ ಎಚ್ಚರ ವಹಿಸಬೇಕು. ಸ್ಯಾಂಕ್ಷನ್ ಮೊದಲೇ ಮಾಡಿಸಿಟ್ಟುಕೊಳ್ಳಿ, ತಪ್ಪಿಲ್ಲ. ಆದರೆ ಬ್ಯಾಂಕ್‌ನಿಂದ ಶೋರೂಮ್‌ಗೆ ಹಣ ಬಿಡುಗಡೆ ಆಗುವುದು ಗಾಡಿ ಇಲ್ಲಿನ ಯಾರ್ಡ್‌ಗೆ ಬಂದು, ನೀವು ಕಣ್ಣಾರೆ ನೋಡಿದ ಮೇಲೆ. ಬಡ್ಡಿ ಹತ್ತುವುದು ಹಣ ಬಿಡುಗಡೆಯಾದ ದಿನದಿಂದ, ಗಾಡಿ ಮನೆಗೆ ಬಂದ ದಿನದಿಂದಲ್ಲ. ತಿಂಗಳ ಕೊನೆಗೆ "ಪೇಮೆಂಟ್ ಹಾಕ್ಸಿಬಿಡ್ರಿ, ಗಾಡಿ ಬಂದೇ ಬಿಡ್ತದ" ಎಂದು ಒತ್ತಾಯ ಮಾಡುವುದು ಅವರ ಟಾರ್ಗೆಟ್‌ಗಾಗಿ. ನಗದು ಕೊಡುವವರಿಗೆ ಇನ್ನೊಂದು ಮಾತು: ಒಂದು ಗಾಡಿಯ ವ್ಯವಹಾರದಲ್ಲಿ 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯಲು ಆದಾಯ ತೆರಿಗೆ ಕಾನೂನಿನಲ್ಲಿ ಅವಕಾಶವಿಲ್ಲ. ತೊಗರಿ ಮಾರಿ ಬಂದ ಹಣವಾದರೂ ಬ್ಯಾಂಕ್ ಮೂಲಕವೇ ಹೋಗಬೇಕು.

ಯಾರ್ಡ್‌ನಲ್ಲಿ ನೋಡುವುದು

ಇಡೀ ಸೇವೆಯಲ್ಲಿ ನಮ್ಮ ಕಡೆಯ ಶೋರೂಮ್‌ಗಳು ಅತಿ ಹೆಚ್ಚು ಮುಖ ಸಿಂಡರಿಸುವುದು ಪಿಡಿಐಗೆ, ಅಂದರೆ ಡೆಲಿವರಿ ಮುಂಚಿನ ತಪಾಸಣೆಗೆ. "ನಾವೇ ಚೆಕ್ ಮಾಡೇವಿ ಸರ, ಡೆಲಿವರಿ ದಿನ ನೋಡ್ರಿ" ಎನ್ನುತ್ತಾರೆ. ಡೆಲಿವರಿ ದಿನ ರಿಬ್ಬನ್ ಕಟ್ಟಿ, ಹಾರ ಹಾಕಿ, ಮನೆಮಂದಿಯೆಲ್ಲ ಫೋಟೋಕ್ಕೆ ನಿಂತಿರುವಾಗ ಬಾಗಿಲ ಅಂಚಿನ ಗೀರು ಯಾರು ನೋಡುತ್ತಾರೆ? ಅದಕ್ಕಿಂತ ಮುಖ್ಯ, ಅಷ್ಟೊತ್ತಿಗೆ ಇನ್‌ವಾಯ್ಸ್, ಇನ್ಶೂರೆನ್ಸ್, ಪಾಸಿಂಗ್ (ಆರ್‌ಟಿಒ ನೋಂದಣಿ) ಎಲ್ಲ ನಿಮ್ಮ ಹೆಸರಿಗೆ ಮುಗಿದಿರುತ್ತದೆ. ಪಾಸಿಂಗ್ ಆದ ಗಾಡಿ ಬದಲಿಸಿ ಕೊಡಿ ಎಂದರೆ ಯಾರೂ ಕೊಡುವುದಿಲ್ಲ. ಹಾಗಾಗಿ ಕ್ರಮ ಹೀಗಿರಲಿ: ಗಾಡಿ ಯಾರ್ಡ್‌ಗೆ ಬಂತು, ತಪಾಸಣೆ, ಆಮೇಲೆ ಪೂರ್ತಿ ಹಣ, ಆಮೇಲೆ ಇನ್‌ವಾಯ್ಸ್. ಬುಕಿಂಗ್ ದಿನವೇ ಇದನ್ನು ಫಾರ್ಮ್ ಮೇಲೆ ಬರೆಸಿದ್ದರೆ ಜಗಳವಿಲ್ಲ.

ಹೋಗುವುದು ಬೆಳಗ್ಗೆ. ಮೇ ತಿಂಗಳಲ್ಲಿ ಇಲ್ಲಿ ಬಿಸಿಲು 42 ಡಿಗ್ರಿ ದಾಟುತ್ತದೆ, ಹನ್ನೊಂದರ ಮೇಲೆ ಬಾನೆಟ್ ಮುಟ್ಟಲೂ ಆಗುವುದಿಲ್ಲ. ಗಾಡಿ ತೊಳೆದಿರಬೇಕು. ಧೂಳು ಕೂತ ಗಾಡಿಯಲ್ಲಿ ಗೀರು ಕಾಣುವುದಿಲ್ಲ, ಒಣ ಬಟ್ಟೆಯಲ್ಲಿ ಒರೆಸಿದರೆ ಇಲ್ಲದ ಗೀರು ಹೊಸದಾಗಿ ಬೀಳುತ್ತದೆ. ಮೊದಲು ಚಾಸಿ ನಂಬರ್: ಮಾಡೆಲ್‌ಗೆ ತಕ್ಕಂತೆ ಮುಂದಿನ ಸೀಟಿನ ಕೆಳಗೆ ಕಾರ್ಪೆಟ್ ಎತ್ತಿದರೆ ಅಥವಾ ಎಂಜಿನ್ ಹಿಂದಿನ ಗೋಡೆಯ ಮೇಲೆ ಕೊರೆದಿರುತ್ತದೆ. ಬಾಗಿಲ ಕಂಬದ ಮೇಲಿನ ಪಟ್ಟಿಯಲ್ಲೂ ಇರುತ್ತದೆ. ನಿಮಗೆ ಕೊಟ್ಟ ನಂಬರ್ ಜತೆ ಒಂದೊಂದೇ ಅಕ್ಷರ ತಾಳೆ ನೋಡಿ, ಫೋಟೋ ತೆಗೆದುಕೊಳ್ಳಿ.

ಓಡೋಮೀಟರ್ ಹತ್ತಾರು ಕಿಲೋಮೀಟರ್ ತೋರಿಸಿದರೆ ಸಹಜ. ಟ್ರೇಲರ್ ಹತ್ತಿಸಿ ಇಳಿಸಿ, ಯಾರ್ಡ್‌ನಲ್ಲಿ ಅತ್ತಿತ್ತ ಮಾಡಿದ್ದಷ್ಟೇ. 150 ದಾಟಿದ್ದರೆ ಬೇರೆ ಊರಿನ ಡೀಲರ್‌ನಿಂದ ರಸ್ತೆಯ ಮೇಲೆ ಓಡಿಸಿಕೊಂಡು ಬಂದಿದ್ದಾರೆ, ಇಲ್ಲವೇ ಟೆಸ್ಟ್ ಡ್ರೈವ್‌ಗೆ ಬಳಸಿದ್ದಾರೆ. ವಿಜಯಪುರದಿಂದ ಕಲಬುರಗಿಗೆ ಸರಿಸುಮಾರು ಅಷ್ಟೇ ದೂರ. ಓಡಿಸಿ ತಂದದ್ದು ದೊಡ್ಡ ದೋಷವೇನಲ್ಲ, ಆದರೆ ಹೇಳದೆ ತಂದದ್ದು ತಪ್ಪು.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ. 3225 ಎಂದರೆ 2025ರ 32ನೇ ವಾರ. ಐದೂ ಟೈರಿನ ಅಂಕಿ ಹತ್ತಿರ ಹತ್ತಿರ ಇರಬೇಕು. ಒಂದೇ ಒಂದು ಬೇರೆ ಇದ್ದರೆ ಆ ಚಕ್ರಕ್ಕೆ ಏನೋ ಆಗಿದೆ. ಸಾಗಣೆಗೆ ಗಾಳಿ ಜಾಸ್ತಿ ತುಂಬಿರುತ್ತಾರೆ, ಡೆಲಿವರಿ ಮುಂಚೆ ಬಾಗಿಲ ಪಟ್ಟಿಯಲ್ಲಿ ಬರೆದಷ್ಟಕ್ಕೆ ಇಳಿಸಬೇಕು. ಮರೆಯುವುದೇ ಹೆಚ್ಚು. ಹೊಸ ಗಾಡಿ ಕುಲುಕುತ್ತದೆ ಎಂದು ದೂರುವವರಲ್ಲಿ ಅನೇಕರದ್ದು ಇದೇ ಕಾರಣ.

ಬಣ್ಣ ಅಳೆಯುವ ಚಿಕ್ಕ ಮೀಟರ್ ಇದ್ದವರನ್ನು ಜತೆಗೆ ಕರೆದುಕೊಂಡು ಹೋದರೆ ಒಳಿತು. ಫ್ಯಾಕ್ಟರಿ ಬಣ್ಣ ಸಾಮಾನ್ಯವಾಗಿ 90ರಿಂದ 150 ಮೈಕ್ರಾನ್. ಒಂದೇ ಬಾಗಿಲು ಮಾತ್ರ 200, 250 ತೋರಿಸಿದರೆ ಅಲ್ಲಿ ಮತ್ತೆ ಬಣ್ಣ ಹೊಡೆದಿದ್ದಾರೆ. ಟ್ರೇಲರ್‌ನ ಕಬ್ಬಿಣ ಬಡಿದು ತಗ್ಗಾದದ್ದನ್ನು ಎತ್ತಿಸಿದ್ದಾರೆ. ಮೀಟರ್ ಇಲ್ಲದಿದ್ದರೆ ಬಾನೆಟ್, ಫೆಂಡರ್, ಬಾಗಿಲ ಹಿಂಜಿನ ಬೋಲ್ಟ್ ನೋಡಿ. ಬೋಲ್ಟ್ ತಲೆಯ ಮೇಲಿನ ಬಣ್ಣ ಕಿತ್ತಿದ್ದರೆ ಪಾನಾ ಬಿದ್ದಿದೆ. ಪ್ಲಾಸ್ಟಿಕ್ ಬಂಪರ್ ಮೇಲೆ ಸಾಮಾನ್ಯ ಮೀಟರ್ ಕೆಲಸ ಮಾಡುವುದಿಲ್ಲ, ಅದನ್ನು ಕಣ್ಣಿಂದಲೇ, ವಾರೆ ಬೆಳಕಿನಲ್ಲಿ ನೋಡಬೇಕು.

ಎಂಜಿನ್ ಚಾಲೂ ಮಾಡುವ ಮುಂಚೆ ಬ್ಯಾಟರಿ. ಒಂದು ಮಲ್ಟಿಮೀಟರ್ ಸಾಕು: ನಿಂತ ಗಾಡಿಯಲ್ಲಿ 12.6 ವೋಲ್ಟ್ ಇದ್ದರೆ ಪೂರ್ತಿ ಚಾರ್ಜ್, 12.2ರ ಕೆಳಗಿದ್ದರೆ ತಿಂಗಳುಗಟ್ಟಲೆ ನಿಂತು ಸೊರಗಿದೆ. ಬಯಲು ಯಾರ್ಡ್‌ನ ಬಿಸಿಲಲ್ಲಿ ನಿಂತ ಗಾಡಿಗೆ ಇದು ಸಾಮಾನ್ಯ. ಜಂಪ್ ಕೊಟ್ಟು ಚಾಲೂ ಮಾಡಿ ತೋರಿಸಿದರೆ ಒಪ್ಪಬೇಡಿ, ಬ್ಯಾಟರಿ ಬದಲಿಸಲು ಬರಹದಲ್ಲಿ ಕೇಳಿ. ಹ್ಯುಂಡೈ, ಕಿಯಾ ಗಾಡಿಗಳಲ್ಲಿ ಸಾಗಣೆ ವೇಳೆ ಬ್ಯಾಟರಿ ಉಳಿಸಲು ಒಂದು ಫ್ಯೂಸ್ ಸ್ವಿಚ್ ಆಫ್ ಇಟ್ಟಿರುತ್ತಾರೆ. ಅದನ್ನು ಆನ್ ಮಾಡಲು ಮರೆತರೆ ಮೀಟರ್ ಫಲಕದಲ್ಲಿ ಸಂದೇಶ ಬರುತ್ತದೆ, ಕೆಲವು ಸೌಲಭ್ಯ ಕೆಲಸ ಮಾಡುವುದಿಲ್ಲ. ಕೆಟ್ಟಿದೆ ಎಂದು ಗಾಬರಿ ಬೇಡ.

ಕಪ್ಪು ಮಣ್ಣಿನ ಹೊಲದ ಪಕ್ಕ ಯಾರ್ಡ್ ಇದ್ದರೆ ಇಲಿ ಕಾಟ ಇದ್ದೇ ಇರುತ್ತದೆ. ಬಾನೆಟ್ ತೆಗೆದು ವೈರಿನ ಹೊದಿಕೆ, ಏರ್ ಫಿಲ್ಟರ್ ಡಬ್ಬಿಯ ಒಳಗೆ, ಬ್ಯಾಟರಿ ಸುತ್ತ ಟಾರ್ಚ್ ಹಾಕಿ ನೋಡಿ. ಹಿಕ್ಕೆ ಕಂಡರೆ ಸಾಕು, ಆ ಗಾಡಿ ಬೇಡ ಎನ್ನಬಹುದು. ಎಸಿಯನ್ನು ಪೂರ್ತಿ ಇಟ್ಟು ಹತ್ತು ನಿಮಿಷ ಬಿಡಿ, ನಾಲ್ಕೂ ಕಿಟಕಿ, ಎಲ್ಲ ದೀಪ, ಸ್ಕ್ರೀನ್, ಹಿಂದಿನ ಕ್ಯಾಮರಾ, ಸನ್‌ರೂಫ್ ಚಾಲೂ ಮಾಡಿ ನೋಡಿ. ಎರಡು ಕೀ, ಜಾಕ್, ಪಾನಾ, ಸ್ಟೆಪ್ನಿ, ಎಚ್ಚರಿಕೆಯ ತ್ರಿಕೋನ, ಪ್ರಥಮ ಚಿಕಿತ್ಸೆ ಪೆಟ್ಟಿಗೆ ಇರಬೇಕು. ದೋಷ ಸಿಕ್ಕರೆ ಅಲ್ಲೇ ಫೋಟೋ ತೆಗೆದು ಮೇಲ್ ಹಾಕಿ. ಸರಿ ಮಾಡಿ ಕೊಡುತ್ತೇವೆ ಎಂಬ ಮಾತು ಮೇಲ್‌ನಲ್ಲೇ ಬರಲಿ.

ಬಿಲ್ಲು, ಪಾಸಿಂಗ್

ಆನ್‌ರೋಡ್ ಬೆಲೆಯ ಚೀಟಿಯಲ್ಲಿ ದೊಡ್ಡ ಪಾಲು ರಸ್ತೆ ತೆರಿಗೆ. ಕರ್ನಾಟಕದಲ್ಲಿ ಪೆಟ್ರೋಲ್, ಡೀಸೆಲ್ ಕಾರಿಗೆ 5 ಲಕ್ಷದವರೆಗೆ 13%, 10 ಲಕ್ಷದವರೆಗೆ 14%, 20 ಲಕ್ಷದವರೆಗೆ 17%, ಅದರಾಚೆ 18%. ಆ ತೆರಿಗೆಯ ಮೇಲೆ 11% ಸೆಸ್. ಹತ್ತು ಲಕ್ಷದ ಗೆರೆಯ ಹತ್ತಿರ ವೇರಿಯಂಟ್ ಆರಿಸುವವರು ಲೆಕ್ಕ ಹಾಕಿ ನೋಡಬೇಕು. ಎಕ್ಸ್‌ಶೋರೂಮ್ 9,99,000 ಇದ್ದರೆ ಸೆಸ್ ಸೇರಿ ತೆರಿಗೆ 1,55,245. 10,01,000 ಆದರೆ 1,88,889. ಎರಡು ಸಾವಿರ ಹೆಚ್ಚಿನ ಗಾಡಿಗೆ ತೆರಿಗೆಯೇ 33,000 ಮೀರಿ ಏರಿತು. ಮೇಲೆ ಬೆಲೆ 10 ಲಕ್ಷ ದಾಟಿದರೆ ಪೂರ್ತಿ ಬೆಲೆಗೆ 1% ಟಿಸಿಎಸ್, ಅಂದರೆ ಡೀಲರ್ ನಿಮ್ಮಿಂದ ಮುಂಗಡವಾಗಿ ಹಿಡಿಯುವ ಆದಾಯ ತೆರಿಗೆ. ಅದು ನಿಮ್ಮ ಪ್ಯಾನ್‌ಗೆ ಜಮೆಯಾಗುತ್ತದೆ, ರಿಟರ್ನ್ ಹಾಕಿದರೆ ಹೊಂದಿಸಿಕೊಳ್ಳಬಹುದು ಅಥವಾ ವಾಪಸ್ ಬರುತ್ತದೆ.

ಚೀಟಿಯಲ್ಲಿ ಹ್ಯಾಂಡ್ಲಿಂಗ್, ಲಾಜಿಸ್ಟಿಕ್ಸ್, ಡಿಪೋ ಎಂಬ ಸಾಲು ಕಂಡರೆ ಹೊಡೆದು ಹಾಕಿಸಿ. ಶೋರೂಮ್‌ವರೆಗೆ ತರುವ ಖರ್ಚು ಎಕ್ಸ್‌ಶೋರೂಮ್ ಬೆಲೆಯಲ್ಲೇ ಇದೆ. ಇನ್ಶೂರೆನ್ಸ್ ಹೊರಗಿನಿಂದ ಮಾಡಿಸಬಹುದು, ಶೋರೂಮ್‌ನಲ್ಲೇ ಆಗಬೇಕೆಂಬ ಕಟ್ಟಳೆಯಿಲ್ಲ. ಥರ್ಡ್ ಪಾರ್ಟಿ 3 ವರ್ಷಕ್ಕೆ ಕಡ್ಡಾಯ, ಸ್ವಂತ ಗಾಡಿಯ ಹಾನಿಗೆ ಒಂದು ವರ್ಷ ಸಾಕು. ಹೊರಗಿನ ಕೊಟೇಶನ್ ಒಂದನ್ನು ಮೇಜಿನ ಮೇಲಿಟ್ಟರೆ ಶೋರೂಮ್ ದರ ತಾನೇ ಇಳಿಯುತ್ತದೆ.

ಪಾಸಿಂಗ್ ಕೆಲಸ ಮಾತ್ರ ಈಗ ಮೊದಲಿಗಿಂತ ಎಷ್ಟೋ ಸಲೀಸು. ಡೀಲರ್ ವಾಹನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕುತ್ತಾನೆ, ಅಪ್ಲಿಕೇಶನ್ ನಂಬರ್ ಇಸಿದುಕೊಂಡರೆ ಪರಿವಾಹನ್ ತಾಣದಲ್ಲಿ ಸ್ಥಿತಿ ನೀವೇ ನೋಡಬಹುದು. ಇಡೀ ಪ್ರಯಾಣದಲ್ಲಿ ಯಾರನ್ನೂ ಕೇಳದೆ ತಿಳಿಯುವ ಹಂತ ಇದೊಂದೇ. ಕಲಬುರಗಿ ಕೆಎ-32, ಯಾದಗಿರಿ ಕೆಎ-33, ಬೀದರ್ ಕೆಎ-38, ಭಾಲ್ಕಿ ಕೆಎ-39, ಬಸವಕಲ್ಯಾಣ ಕೆಎ-56. ಹಳೆಯ ಆಧಾರ್‌ನಲ್ಲಿ ಊರು ಗುಲಬರ್ಗಾ ಎಂದೇ ಇದ್ದರೂ ನಡೆಯುತ್ತದೆ, ಆದರೆ ಇನ್‌ವಾಯ್ಸ್, ಇನ್ಶೂರೆನ್ಸ್, ಆರ್‌ಸಿ ಮೂರರಲ್ಲೂ ಹೆಸರಿನ ಕಾಗುಣಿತ, ವಿಳಾಸ ಒಂದೇ ಇರಲಿ. ತಂದೆಯ ಹೆಸರು ಮುಂದೋ ಅಡ್ಡಹೆಸರು ಮುಂದೋ ಎಂಬಲ್ಲೇ ತಪ್ಪು ನುಸುಳುವುದು. ಅರ್ಜಿ ಹೋಗುವ ಮುಂಚೆ ಸ್ಕ್ರೀನ್ ಮೇಲೆ ಓದಿ ಹೂಂ ಅನ್ನಿ.

ಟೆಂಪರರಿಯೋ ಪರ್ಮನೆಂಟೋ, ನಂಬರ್ ಇಲ್ಲದೆ ಗಾಡಿ ಕೊಡುವುದಕ್ಕೆ ಡೀಲರ್‌ಗೆ ಅಧಿಕಾರವಿಲ್ಲ. "ಪೂಜೆಗೆ ಒಯ್ರಿ, ನಂಬರ್ ಆಮ್ಯಾಲ ಬರ್ತದ" ಎಂದು ಶರಣಬಸವೇಶ್ವರ ಗುಡಿವರೆಗೆ ಬರಿ ಗಾಡಿ ಕಳಿಸುವ ಅಭ್ಯಾಸ ಇದೆ. ದಾರಿಯಲ್ಲಿ ಏನಾದರೂ ತಾಗಿದರೆ ಇನ್ಶೂರೆನ್ಸ್‌ನವರು ಮೊದಲು ಕೇಳುವುದು ಅದನ್ನೇ. ದಸರಾ, ದೀಪಾವಳಿ, ಯುಗಾದಿಗೆ ಗಾಡಿ ಬೇಕೆಂದರೆ ರಜೆ ಬರುವ ಮುಂಚೆ, ನಾಲ್ಕೈದು ಕೆಲಸದ ದಿನ ಉಳಿಸಿಕೊಂಡು ಹಣ ಮತ್ತು ಪಾಸಿಂಗ್ ಮುಗಿಸಿ. ಹಬ್ಬದ ದಿನ ಕೀ ಇಸಿದುಕೊಳ್ಳುವುದಷ್ಟೇ ಉಳಿಯಲಿ. ಡಿಸ್ಕೌಂಟ್ ಬೇಕು, ಮುಹೂರ್ತದ ಚಿಂತೆಯಿಲ್ಲ ಎನ್ನುವವರಿಗೆ ಆಷಾಢದಂಥ ತಿಂಗಳಿಲ್ಲ. ಶೋರೂಮ್ ಖಾಲಿ, ಮ್ಯಾನೇಜರೇ ಎದ್ದು ಬಂದು ಮಾತಾಡುತ್ತಾನೆ.

ಎಚ್‌ಎಸ್‌ಆರ್‌ಪಿ ಪ್ಲೇಟ್ ಡೀಲರೇ ಕೂಡಿಸಿ ಕೊಡಬೇಕು, ಬೇರೆ ಹಣ ಕೇಳುವಂತಿಲ್ಲ. ಎರಡು ಪ್ಲೇಟ್ ಜತೆಗೆ ಗಾಜಿನ ಒಳಗೆ ಅಂಟಿಸುವ ಸ್ಟಿಕ್ಕರ್ ಪೆಟ್ರೋಲ್, ಸಿಎನ್‌ಜಿಗೆ ತಿಳಿನೀಲಿ, ಡೀಸೆಲ್‌ಗೆ ಕಿತ್ತಳೆ.

ಸೊಲ್ಲಾಪುರದಲ್ಲೋ ಹೈದರಾಬಾದಿನಲ್ಲೋ ಬೇಗ ಸಿಗುತ್ತದೆ ಎಂದು ಹೋಗುವವರಿದ್ದಾರೆ. ಬೇಗ ಸಿಗುವುದು ನಿಜ, ದೊಡ್ಡ ಡೀಲರ್‌ಗಳ ಯಾರ್ಡ್‌ನಲ್ಲಿ ಸ್ಟಾಕ್ ಇರುತ್ತದೆ. ಆದರೆ ಅಲ್ಲಿಂದ ಟೆಂಪರರಿ ನಂಬರ್‌ನಲ್ಲಿ ತಂದು ಇಲ್ಲಿ ತೆರಿಗೆ ಕಟ್ಟಿ ಪಾಸಿಂಗ್ ಮಾಡಿಸುವ ಓಡಾಟ ನಿಮ್ಮ ಪಾಲಿಗೆ, ತೆರಿಗೆಯಲ್ಲಿ ಉಳಿತಾಯವೂ ಇಲ್ಲ. ಬೀದರ್, ಯಾದಗಿರಿಯವರು ಕಲಬುರಗಿಯಲ್ಲಿ ಕೊಂಡರೆ ಈ ತೊಂದರೆ ಇಲ್ಲ. ರಾಜ್ಯದೊಳಗೆ ಯಾವ ಆರ್‌ಟಿಒದಲ್ಲಾದರೂ ನೋಂದಣಿಗೆ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಅವಕಾಶ ಕೊಟ್ಟಿದೆ. ಕೆಎ-38 ನಂಬರೇ ಬೇಕೆಂದರೆ ಬುಕಿಂಗ್ ಫಾರ್ಮ್ ಮೇಲೆ ಬರೆಸಿ.

ಕಾದು ಕಾದು ಬೇಸತ್ತು ಕ್ಯಾನ್ಸಲ್ ಮಾಡುವವರು ಮೇಲ್ ಮೂಲಕವೇ ಮಾಡಿ, ರಸೀದಿಯ ಪ್ರತಿ ಲಗತ್ತಿಸಿ, ಕಂಪನಿಯ ಗ್ರಾಹಕ ಸೇವೆಗೂ ಪ್ರತಿ ಹಾಕಿ. ಶೋರೂಮ್‌ನವರು ಹಣ ಕೊಡದೆ ಸತಾಯಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಕನ್ನಡದಲ್ಲೂ ಮಾತಾಡಬಹುದು. ಅಲ್ಲಿಗೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ದೂರು ಹಾಕಲು ಬರುತ್ತದೆ.

ಗಾಡಿ ಮನೆಗೆ ಬಂದ ಮೇಲೆ ಉಳಿಯುವುದು ಫಾಸ್ಟ್ಯಾಗ್. ಶೋರೂಮ್‌ನಲ್ಲಿ ಅಂಟಿಸುವಾಗ ಅದು ಚಾಸಿ ನಂಬರ್ ಮೇಲಿರುತ್ತದೆ. ಪಾಸಿಂಗ್ ನಂಬರ್ ಬಂದ ಮೇಲೆ ಆರ್‌ಸಿ ಹಾಕಿ ಬದಲಿಸಬೇಕು, ಗಾಡಿ ಕೊಂಡ 90 ದಿನದೊಳಗೆ. ಶೋರೂಮ್‌ನವರು ಮಾಡುತ್ತೇವೆ ಅಂದಿರುತ್ತಾರೆ, ಬಹಳ ಸಲ ಮಾಡಿರುವುದಿಲ್ಲ. ಟ್ಯಾಗ್ ಕೊಟ್ಟ ಬ್ಯಾಂಕಿನ ಆ್ಯಪ್ ತೆಗೆದು ಗಾಡಿ ನಂಬರ್ ಜಾಗದಲ್ಲಿ ಕೆಎ-32 ಬಂದಿದೆಯೋ, ಆ ಉದ್ದನೆಯ ಚಾಸಿ ನಂಬರೇ ಉಳಿದಿದೆಯೋ ನೋಡಿಕೊಳ್ಳಿ. ಹೈದರಾಬಾದ್ ಕಡೆ ಹೊರಟು ಟೋಲ್‌ನಲ್ಲಿ ಸಿಕ್ಕಿಕೊಂಡ ಮೇಲೆ ನೋಡಿದರೆ ಟೋಲ್ ಹೆಚ್ಚಿಗೆ ಕಟ್ಟಬೇಕಾಗಬಹುದು.